ಟ್ಯಾಂಕಿನ ಮೇಲೆ ಯಾರ ತಲೆ?

ಬಣ್ಣಕ್ಕೆ ಜಾತಿ ಇಲ್ಲವಂತೆ. ಕಲೆಗೆ ಕುಲ ಇಲ್ಲವಂತೆ. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಏರ್‌ಬ್ರಷ್‌ನಿಂದ ಬರೆಸಿಕೊಳ್ಳುವ ಚಿತ್ರವಂತೂ ಸವಾರನ ಅಪ್ಪಟ ಸ್ವಾತಂತ್ರ್ಯದ ಗುರುತಂತೆ. ಹೀಗೆ ಹೇಳುವವರು ಬಹಳ ಜನ ಇದ್ದಾರೆ. ಗಾಡಿ ಅವನದು, ದುಡ್ಡು ಅವನದು, ಟ್ಯಾಂಕು ಅವನದು, ತನಗೆ ಬೇಕಾದ್ದನ್ನು ಬರೆಸಿಕೊಂಡರೆ ನಿಮ್ಮ ಗಂಟೇನು ಹೋಯ್ತು ಅಂತ ಕೇಳುತ್ತಾರೆ. ನಮ್ಮ ಗಂಟು ಹೋಗಿದೆ. ಅದಕ್ಕೇ ಈ ಮಾತು.

ಏರ್‌ಬ್ರಷ್ ಚಿತ್ರಕಾರನ ಅಂಗಡಿಗೆ ಹೋದರೆ ಮೊದಲು ಒಂದು ಆಲ್ಬಮ್ ಕೈಗೆ ಕೊಡುತ್ತಾನೆ. ಅಮೆರಿಕದಲ್ಲಿ ಹೋದರೂ ಅದೇ, ಬೆಂಗಳೂರಿನಲ್ಲಿ ಹೋದರೂ ಹೆಚ್ಚುಕಮ್ಮಿ ಅದೇ. ತಲೆಬುರುಡೆ. ಬೆಂಕಿಯ ನಾಲಿಗೆ. ಹದ್ದು. ತೋಳ. ಬಾವುಟ. ಅರೆಬತ್ತಲೆ ಹೆಣ್ಣು. 'ಟ್ರೈಬಲ್' ಅನ್ನುವ ಚೂಪುಚೂಪು ಕಪ್ಪು ಬಳ್ಳಿ. ಹದ್ದಿನ ಗರಿಗಳ ಕಿರೀಟ ತೊಟ್ಟ ರೆಡ್ ಇಂಡಿಯನ್ ನಾಯಕನ ತಲೆ. ನಮ್ಮ ಕಡೆ ಇವುಗಳ ಜೊತೆಗೆ ಶಿವ, ಹನುಮ, ಹುಲಿ, ಕೊನೆಗೆ ಜಾತಿಯ ಹೆಸರು. 'ಯಾವುದು ಬೇಕೋ ಆರಿಸ್ಕೊ ಗುರು' ಅನ್ನುತ್ತಾನೆ. ಆರಿಸಿಕೊಳ್ಳುವುದೇ ಸ್ವಾತಂತ್ರ್ಯ ಅನ್ನುವುದಾದರೆ, ಆ ಆಲ್ಬಮ್ಮನ್ನು ತಯಾರು ಮಾಡಿದವರು ಯಾರು ಅಂತಲೂ ಕೇಳಬೇಕಲ್ಲ? ಅದರಲ್ಲಿ ಯಾರ ತಲೆ ಇದೆ, ಯಾರ ಕೈ ಇದೆ, ಯಾರ ಹೆಸರು ಇಲ್ಲ ಅಂತಲೂ ಕೇಳಬೇಕಲ್ಲ?

ನಾವು ಕೇಳುತ್ತೇವೆ.

ಮೊದಲು ಆ ಗರಿ ಕಿರೀಟದ ತಲೆಯನ್ನೇ ನೋಡೋಣ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ 1901ರಲ್ಲಿ ಒಂದು ಮೋಟಾರ್ ಸೈಕಲ್ ಹುಟ್ಟಿತು. ಜಾರ್ಜ್ ಹೆಂಡೀ ಎಂಬ ಬಿಳಿಯ ಅದಕ್ಕೆ 'ಇಂಡಿಯನ್' ಅಂತ ಹೆಸರಿಟ್ಟ. ಆ ಕಂಪನಿಯ ಗಾಡಿಗಳಿಗೆ 'ಸ್ಕೌಟ್', 'ಚೀಫ್' ಅಂತ ಹೆಸರು ಬಂದವು. ಗರಿ ಕಿರೀಟದ ತಲೆ ಟ್ಯಾಂಕಿನ ಮೇಲೆ ಬಂತು, ಮುಂದಿನ ಮಡ್‌ಗಾರ್ಡಿನ ಮೇಲೆ ದೀಪವಾಗಿಯೂ ಕೂತಿತು. ಇವತ್ತು ಲೋಕದ ಮೂಲೆಮೂಲೆಯ ಏರ್‌ಬ್ರಷ್ ಅಂಗಡಿಗಳಲ್ಲಿ ಖರ್ಚಾಗುವ ಚಿತ್ರ ಅದರ ಮೊಮ್ಮಗ.

ಈಗ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಇನ್ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದು ಹಾಕಿತು. ಹೆಪ್ಪುಗಟ್ಟಿದ ಹೆಣಗಳನ್ನು ಒಂದೇ ಗುಂಡಿಗೆ ತುಂಬಿತು. ಅದಾಗಿ ಹನ್ನೊಂದೇ ವರ್ಷಕ್ಕೆ ಅದೇ ಜನರ ಹೆಸರಿನಲ್ಲಿ ಮೋಟಾರ್ ಸೈಕಲ್! 'ಚೀಫ್' ಅನ್ನುವ ಗಾಡಿ ಪೇಟೆಗೆ ಬಂದದ್ದು 1922ರಲ್ಲಿ. ಆ ಮಣ್ಣಿನ ಮೂಲ ಜನರೆಲ್ಲರೂ ಆ ದೇಶದ ಪ್ರಜೆಗಳು ಅಂತ ಕಾನೂನು ಒಪ್ಪಿಕೊಂಡದ್ದು 1924ರಲ್ಲಿ. ನಾಯಕನ ತಲೆ ಬಿಕರಿಗೆ ಬಂದು ಎರಡು ವರ್ಷ ಆದ ಮೇಲೆ ನಾಯಕನ ಮಕ್ಕಳಿಗೆ ಪೌರತ್ವ. ಅದೇ ಕಾಲದಲ್ಲಿ ಆ ಮಕ್ಕಳನ್ನು ಹಿಡಿದು ವಸತಿ ಶಾಲೆಗಳಿಗೆ ತಳ್ಳಿ, ಜಡೆ ಕತ್ತರಿಸಿ, ತಾಯಿಮಾತು ಆಡಿದರೆ ಹೊಡೆಯುತ್ತಿದ್ದರು. ನಿಜವಾದ ತಲೆಯ ಕೂದಲು ಕತ್ತರಿಸಬೇಕು, ತಗಡಿನ ತಲೆಗೆ ಗರಿ ಸಿಕ್ಕಿಸಬೇಕು. ಇದು ಯಾವ ಸೀಮೆಯ ಗೌರವ?

'ಅಯ್ಯೋ, ನಾವು ಅವರ ಶೌರ್ಯಕ್ಕೆ ಮರ್ಯಾದೆ ಕೊಡ್ತಿದೀವಿ' ಅನ್ನುತ್ತಾರೆ. ಬಯಲು ಸೀಮೆಯ ಆ ಜನಗಳಲ್ಲಿ ಒಂದೊಂದು ಹದ್ದಿನ ಗರಿಯೂ ಒಂದೊಂದು ಕೆಲಸಕ್ಕೆ ಸಿಕ್ಕಿದ್ದು. ಜನ ಕೊಟ್ಟರೆ ಮಾತ್ರ ತೊಡಬೇಕು. ಎಲ್ಲ ಬುಡಕಟ್ಟುಗಳೂ ಆ ಕಿರೀಟ ತೊಡುತ್ತಿರಲಿಲ್ಲ. ಆ ಕಾರ್ಖಾನೆ ಎದ್ದ ಮ್ಯಾಸಚೂಸೆಟ್ಸಿನ ಮೂಲ ಜನರದು ಬೇರೆಯೇ ಉಡುಗೆ. ಆದರೆ ಪೇಟೆಗೆ ಈ ವಿವರವೆಲ್ಲ ಯಾಕೆ ಬೇಕು? ನೂರಾರು ಬುಡಕಟ್ಟುಗಳು, ನೂರಾರು ಭಾಷೆಗಳು, ಎಲ್ಲಕ್ಕೂ ಸೇರಿ ಒಂದೇ ತಲೆ. ಆ ತಲೆಗೆ ಬಾಯಿ ಇದೆ, ಮಾತಿಲ್ಲ. ಕಣ್ಣು ಇದೆ, ಅದು ಯಾವಾಗಲೂ ದೂರ ನೋಡುತ್ತಿರುತ್ತದೆ, ತನ್ನ ನೆಲ ಎಲ್ಲಿ ಅಂತ ಎದುರಿನವನನ್ನು ಕೇಳುವುದಿಲ್ಲ. ಮೇಲಿನವರಿಗೆ ಇಷ್ಟವಾಗುವ ಆದಿವಾಸಿ ಅಂದರೆ ಇವನೇ: ಸತ್ತವನು, ಸುಮ್ಮನಿರುವವನು, ಚೆಂದ ಕಾಣುವವನು.

ಅದೇ ದಕ್ಷಿಣ ಡಕೋಟಾದ ಸ್ಟರ್ಜಿಸ್ ಊರಿನಲ್ಲಿ 1938ರಿಂದ ಮೋಟಾರ್ ಸೈಕಲ್ ಜಾತ್ರೆ ಶುರುವಾಯಿತು. ಈಗ ಪ್ರತಿ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಸವಾರರು ನೆರೆಯುತ್ತಾರೆ. ಬಣ್ಣ ಬರೆಸಿದ ಗಾಡಿಗಳಿಗೆ ಅಲ್ಲಿ ಪ್ರದರ್ಶನ, ಬಹುಮಾನ. ಆ ಜಾತ್ರೆ ನಡೆಯುವ ಕಪ್ಪು ಬೆಟ್ಟಗಳ ಸೀಮೆ ಯಾರದು? 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅದು ಲಕೋಟಾ ಮತ್ತವರ ನಂಟರ ಜನಗಳದು ಅಂತ ಅಮೆರಿಕ ಸರ್ಕಾರವೇ ಬರೆದು ಕೊಟ್ಟಿತ್ತು. 1874ರಲ್ಲಿ ಚಿನ್ನ ಕಂಡಿತು. 1877ರಲ್ಲಿ ಕಿತ್ತುಕೊಂಡರು. 1980ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಇದು ಅನ್ಯಾಯ ಅಂತ ಒಪ್ಪಿ ಸುಮಾರು ಹತ್ತೂವರೆ ಕೋಟಿ ಡಾಲರ್ ಪರಿಹಾರ ಹೇಳಿತು. ಲಕೋಟಾ ಜನ ಮುಟ್ಟಲಿಲ್ಲ. ಬಡ್ಡಿ ಸೇರಿ ನೂರು ಕೋಟಿ ಡಾಲರ್ ದಾಟಿದರೂ ಮುಟ್ಟಿಲ್ಲ. 'ನಮಗೆ ದುಡ್ಡು ಬೇಡ, ಬೆಟ್ಟ ಬೇಕು' ಅನ್ನುವುದು ಅವರ ಹಟ. ಸ್ಟರ್ಜಿಸ್ ಪಕ್ಕದ ಬೇರ್ ಬ್ಯೂಟ್ ಬೆಟ್ಟ ಅವರು ಉಪವಾಸ ಕೂತು ಪ್ರಾರ್ಥಿಸುವ ಜಾಗ. ಅದರ ಬುಡಕ್ಕೇ ಸವಾರರಿಗಾಗಿ ಹೆಂಡದ ಬಿಡಾರ ಬಂದಾಗ 2006ರಲ್ಲಿ ಆ ಜನ ಒಟ್ಟಾಗಿ ಪ್ರತಿಭಟಿಸಿದರು. ಆಗ ಆ ದಾರಿಯಲ್ಲಿ ಹಾದುಹೋದ ಗಾಡಿಗಳ ಟ್ಯಾಂಕುಗಳ ಮೇಲೂ ಗರಿ ಕಿರೀಟದ ತಲೆಗಳು ಇದ್ದಾವು! ಟ್ಯಾಂಕಿನ ಮೇಲಿನ ಇಂಡಿಯನ್ನನಿಗೆ ಸಲಾಮು, ರಸ್ತೆ ಬದಿ ನಿಂತ ಇಂಡಿಯನ್ನನಿಗೆ ಹಾರ್ನು. ದೇವಸ್ಥಾನದ ಬಾಗಿಲಲ್ಲಿ ಚೆನ್ನಯ್ಯ ಹರಳಯ್ಯರ ಹೆಸರು ಹೇಳಿ ಒಳಗೆ ಅವರ ಮಕ್ಕಳನ್ನು ಬಿಡದವರ ನಾಡಿನವರು ನಾವು. ಈ ಆಟ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾವುಟ. ಟ್ಯಾಂಕಿನ ಮೇಲೆ ಬಾವುಟ ಬರೆಸುವ ಹುಚ್ಚಿಗೆ ಲೋಕದಲ್ಲೆಲ್ಲ ಕಿಡಿ ಹಚ್ಚಿದ್ದು 1969ರ 'ಈಸಿ ರೈಡರ್' ಸಿನಿಮಾ. ಪೀಟರ್ ಫೋಂಡಾ ಓಡಿಸಿದ ಆ ಉದ್ದ ಮೂತಿಯ ಗಾಡಿಗೆ 'ಕ್ಯಾಪ್ಟನ್ ಅಮೆರಿಕ' ಅಂತ ಹೆಸರು. ಟ್ಯಾಂಕಿನ ತುಂಬ ನಕ್ಷತ್ರ ಮತ್ತು ಪಟ್ಟೆ, ಒಳಗಡೆ ಮಾದಕ ವಸ್ತು ಮಾರಿದ ದುಡ್ಡು. ಬಾವುಟದ ಕೆಳಗೆ ಏನು ಅಡಗಿರುತ್ತದೆ ಅನ್ನುವುದನ್ನು ಆ ಸಿನಿಮಾ ಸರಿಯಾಗೇ ತೋರಿಸಿತು. ಆದರೆ ಅದು ತೋರಿಸದೆ ಬಿಟ್ಟದ್ದು ಇನ್ನೊಂದಿದೆ. ಆ ಗಾಡಿಗಳನ್ನು ಕಟ್ಟಿದವರು ಕರಿಯರು. ಲಾಸ್ ಏಂಜಲೀಸಿನ ಕರಿಯರ ಕೇರಿಯ ಮೆಕ್ಯಾನಿಕ್ ಬೆನ್ ಹಾರ್ಡಿ. ಜೊತೆಗೆ ಕ್ಲಿಫರ್ಡ್ ವಾನ್, ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಹಕ್ಕಿನ ಚಳುವಳಿಯಲ್ಲಿ ಕ್ಯಾಮೆರಾ ಹಿಡಿದು ದುಡಿದವನು, ಅಲ್ಲೂ ತನ್ನ ಮೋಟಾರ್ ಸೈಕಲ್ಲಿನ ಮೇಲೇ ಓಡಾಡಿದವನು. ಪೊಲೀಸರು ಹರಾಜು ಹಾಕಿದ ಹಳೇ ಹಾರ್ಲೆ ಗಾಡಿಗಳನ್ನು ತಂದು, ಬಿಚ್ಚಿ, ಎಳೆದು, ಬಾಗಿಸಿ ಲೋಕಪ್ರಸಿದ್ಧ ಗಾಡಿ ಮಾಡಿಕೊಟ್ಟವರು ಇವರು. ಸಿನಿಮಾದ ಪರದೆಯ ಮೇಲೆ ಇಬ್ಬರ ಹೆಸರೂ ಬರಲಿಲ್ಲ. ಬಿಳಿಯರು ಆ ಗಾಡಿ ಹತ್ತಿ ಸ್ವಾತಂತ್ರ್ಯ ಹುಡುಕಿಕೊಂಡು ಹೊರಟರು. ಕಟ್ಟಿದವರು ಕತ್ತಲಲ್ಲಿ ಉಳಿದರು. ಹಾರ್ಡಿ 1994ರಲ್ಲಿ ತೀರಿಕೊಂಡ, ವಾನ್ 2016ರಲ್ಲಿ. 2014ರಲ್ಲಿ ಅಂಥ ಒಂದು ಗಾಡಿ ಹರಾಜಿನಲ್ಲಿ ಹದಿಮೂರೂವರೆ ಲಕ್ಷ ಡಾಲರಿಗೆ ಹೋಯಿತು. ಅದು ಅಸಲಿಯೋ ನಕಲಿಯೋ ಅಂತ ಕೋಟ್ಯಧಿಪತಿಗಳು ಜಗಳ ಆಡಿದರು. ಅಸಲಿ ಕೈಗಳ ಹೆಸರು ಹೇಳಲು ಮಾತ್ರ ಅರ್ಧ ಶತಮಾನ ಬೇಕಾಯಿತು.

ಇದು ಒಂದು ಸಿನಿಮಾದ ಮರೆವಲ್ಲ. ಅಮೆರಿಕದ ಮೋಟಾರ್ ಸೈಕಲ್ ಸವಾರರ ದೊಡ್ಡ ಸಂಘ 1924ರಲ್ಲಿ ಹುಟ್ಟಿತು. ದಶಕಗಳ ಕಾಲ ಅದರ ಬಾಗಿಲು ಬಿಳಿಯರಿಗೆ ಮಾತ್ರ. ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಅನ್ನುವ ಕರಿಯ ಹೆಂಗಸು ಒಬ್ಬಳೇ ಆ ದೇಶವನ್ನು ಉದ್ದಗಲಕ್ಕೂ ಮೋಟಾರ್ ಸೈಕಲ್ಲಿನಲ್ಲಿ ಸುತ್ತಿದಳು. ಹೋಟೆಲಿನವರು ಒಳಗೆ ಬಿಡದಿದ್ದಾಗ ಪೆಟ್ರೋಲ್ ಬಂಕಿನಲ್ಲಿ ಗಾಡಿಯ ಮೇಲೇ ಒರಗಿ ಮಲಗುತ್ತಿದ್ದೆ ಅಂತ ಹೇಳಿಕೊಂಡಿದ್ದಾಳೆ. ಅವಳು ಸತ್ತದ್ದು 1993ರಲ್ಲಿ, ಆ ಸಂಘದ ಕೀರ್ತಿಶಾಲೆಗೆ ಅವಳ ಹೆಸರು ಸೇರಿದ್ದು 2002ರಲ್ಲಿ. ಈಗ ಆಲ್ಬಮ್ ತಿರುವಿ ಹಾಕಿ. ಟ್ಯಾಂಕಿನ ಮೇಲೆ ಹೆಣ್ಣುಗಳಿಗೇನು ಬರವೇ? ಎರಡನೇ ಮಹಾಯುದ್ಧದ ಬಾಂಬ್ ವಿಮಾನಗಳ ಮೂತಿಯ ಮೇಲೆ ಸೈನಿಕರು ಬರೆಸುತ್ತಿದ್ದ ಅದೇ ಅರೆಬತ್ತಲೆ ಹೆಣ್ಣು ಇಳಿದುಬಂದು ಇಲ್ಲಿ ಮಲಗಿದ್ದಾಳೆ. ಟ್ಯಾಂಕು ಇರುವುದು ಎಲ್ಲಿ? ಸವಾರನ ಎರಡು ತೊಡೆಗಳ ನಡುವೆ. ಹೆಣ್ಣನ್ನು ಅಲ್ಲಿ ಬರೆಸುವುದು ಸುಮ್ಮನೆ ಅಂದದ ಮಾತಲ್ಲ ಅಂತ ಬಿಡಿಸಿ ಹೇಳಬೇಕೆ? ಹ್ಯಾಂಡಲ್ ಹಿಡಿದು ದೇಶ ಸುತ್ತಿದ ಬೆಸ್ಸಿಗೆ ಆಲ್ಬಮ್ಮಿನಲ್ಲಿ ಜಾಗ ಇಲ್ಲ, ಮಲಗಿದವಳಿಗೆ ಪುಟಗಟ್ಟಲೆ ಜಾಗ. ದೇವರ ಹೆಸರಿನಲ್ಲಿ ನಮ್ಮ ಅಕ್ಕತಂಗಿಯರನ್ನು ಊರಿನವರ ಸೊತ್ತು ಮಾಡಿದ್ದ ನಾಡು ಇದು. ಅದನ್ನು ನಿಷೇಧಿಸಲು 1982ರಲ್ಲಿ ಕಾನೂನೇ ಬೇಕಾಯಿತು. ನಮ್ಮ ಹುಡುಗರು ಈ ಚಿತ್ರವನ್ನು ದುಡ್ಡು ಕೊಟ್ಟು ಬರೆಸಿಕೊಳ್ಳುವುದೆಂದರೆ ಅದೇ ಗುಡಿಯ ಕಂಬಕ್ಕೆ ತಾವೇ ಸುಣ್ಣ ಬಳಿದ ಹಾಗೆ.

ಬುರುಡೆಯ ಮಾತಿಗೆ ಬರೋಣ. ತಲೆಬುರುಡೆ ಅಂದರೆ ಧೈರ್ಯವಂತೆ, ಸಾವಿಗೆ ಹೆದರದವನ ಗುರುತಂತೆ. ಇದರ ವಂಶಾವಳಿಯಲ್ಲಿ ಕಡಲುಗಳ್ಳರೂ ಇದ್ದಾರೆ, ಸೈನಿಕರೂ ಇದ್ದಾರೆ, ಟೊಪ್ಪಿಗೆಯ ಮೇಲೆ ಬುರುಡೆ ಸಿಕ್ಕಿಸಿಕೊಂಡು ಯಹೂದ್ಯರನ್ನು ಕೊಂದ ಹಿಟ್ಲರನ ಎಸ್.ಎಸ್. ಪಡೆಯೂ ಇದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಡ್ ರಾತ್ ಎಂಬ ಹೆಸರಾಂತ ಕಾರು ಚಿತ್ರಕಾರ ಜರ್ಮನ್ ಹೆಲ್ಮೆಟ್ಟಿನ ಪ್ಲಾಸ್ಟಿಕ್ ನಕಲು, ಐರನ್ ಕ್ರಾಸ್ ಪದಕದ ನಕಲು ಮಾಡಿ ಹುಡುಗರಿಗೆ ಮಾರಿದ. 'ಸುಮ್ನೆ ತಮಾಷೆಗೆ, ದೊಡ್ಡೋರನ್ನ ರೇಗ್ಸೋಕೆ' ಅಂದರು. ಗ್ಯಾಸ್ ಕೋಣೆಯಲ್ಲಿ ಬಂಧುಗಳನ್ನು ಕಳೆದುಕೊಂಡವನಿಗೆ ಅದು ತಮಾಷೆಯಾಗಿ ಕಂಡೀತೆ? ರೇಗಿಸಬೇಕಾದರೆ ಮೇಲಿರುವವನನ್ನು ರೇಗಿಸಬೇಕು. ಸತ್ತವರ ಮಕ್ಕಳನ್ನು ರೇಗಿಸುವುದು ಬಂಡಾಯವಲ್ಲ, ಪುಂಡಾಟ.

ನಮ್ಮ ಮಟ್ಟಿಗೆ ಬುರುಡೆ ಬೇರೆಯದೇ ವಸ್ತು. ಊರಿನವರ ಹೆಣಕ್ಕೆ ಗುಂಡಿ ತೋಡುವ ಬಿಟ್ಟಿ ಕೆಲಸ ತಲೆತಲಾಂತರದಿಂದ ಯಾರದಾಗಿತ್ತು? ಹಳೇ ಗುಂಡಿಯ ಪಕ್ಕ ಹೊಸ ಗುಂಡಿ ತೋಡುವಾಗ ಗುದ್ದಲಿಗೆ ಟಣ್ ಅಂತ ತಗಲುವುದು ಬುರುಡೆ. ಅದನ್ನು ಪಕ್ಕಕ್ಕಿಟ್ಟು, ಮಣ್ಣು ಮುಚ್ಚಿ, ಹೊಳೆಯಲ್ಲಿ ಮಿಂದು, ಹೊರಗಿನ ಜಗಲಿಗೆ ಬಂದು ಕೂಲಿಕಾಳಿಗೆ ಸೆರಗೊಡ್ಡಿದವರು ನಮ್ಮವರು. ಸಾವಿನ ಜೊತೆ ಅಷ್ಟು ಹತ್ತಿರ ಬದುಕಿದವನಿಗೆ ಬುರುಡೆ ಫ್ಯಾಷನ್ ಆಗುವುದಿಲ್ಲ. ಸಾವನ್ನು ಬೇರೆಯವರ ಕೈಲಿ ಹೂಳಿಸಿ ಮನೆಯಲ್ಲಿ ಸುಖವಾಗಿ ಕೂತವನಿಗೆ ಮಾತ್ರ ಅದು ಅಲಂಕಾರ.

ಬೆಂಕಿಯೂ ಹಾಗೇ. ಟ್ಯಾಂಕಿನ ಮೇಲೆ ನಿಜವಾದ ಬೆಂಕಿಯ ಹಾಗೆ ಉರಿಯುವ ಚಿತ್ರ ಬರೆಯುವುದು ಹೇಗೆ ಅಂತ ಈ ಕಸುಬಿನವರನ್ನು ಕೇಳಿ. ಮೊದಲು ಟ್ಯಾಂಕಿಗೆಲ್ಲ ಕಪ್ಪು ಹೊಡೆಯಬೇಕು. ಅದರ ಮೇಲೆ ತೆಳುವಾಗಿ ಜ್ವಾಲೆಯ ಎಳೆ. ಅದರ ಮೇಲೆ ಪಾರದರ್ಶಕ ಬಣ್ಣಗಳು, ಹಳದಿ, ಕಿತ್ತಳೆ, ಕೆಂಪು, ಒಂದರ ಮೇಲೊಂದು ಪದರ. ಹಳೇ ಎಳೆ ಆಳಕ್ಕೆ ಇಳಿಯುತ್ತದೆ, ಹೊಸ ಎಳೆ ಮೇಲೆ ಉರಿಯುತ್ತದೆ. ತಳದಲ್ಲಿ ಕಪ್ಪಿಲ್ಲದೆ ಬೆಂಕಿ ಎದ್ದು ಕಾಣುವುದಿಲ್ಲ. ಕಸುಬಿನ ಈ ಗುಟ್ಟು ಈ ದೇಶದ ಗುಟ್ಟೂ ಹೌದು. 1968ರ ಡಿಸೆಂಬರ್ 25ರ ರಾತ್ರಿ ತಮಿಳುನಾಡಿನ ಕೀಳ್‌ವೆಣ್ಮಣಿಯಲ್ಲಿ ಒಂದು ಗುಡಿಸಲಿನೊಳಗೆ ದಲಿತ ಕೂಲಿಗಳ ಮನೆಯ 44 ಜೀವಗಳು ಸುಟ್ಟುಹೋದವು. ಕೂಲಿ ಜಾಸ್ತಿ ಕೇಳಿದ್ದೇ ತಪ್ಪು. 2000ದ ಮಾರ್ಚ್ 11ರಂದು ನಮ್ಮದೇ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಗಳಿಗೆ ಬೆಂಕಿ ಹಚ್ಚಿ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ! ಬೆಂಕಿ ತಾನಾಗೇ ಬಂತು ಅಂತ ತಿಳಿಯೋಣವೆ? ಇಂಥ ನಾಡಿನಲ್ಲಿ ಜ್ವಾಲೆಯನ್ನು 'ಸ್ಪೀಡಿನ ಗುರುತು' ಅಂತ ಮಾರುವವನಿಗೆ ನಾವು ಹೇಳುವುದು ಇಷ್ಟೇ: ಬೆಂಕಿ ಬರೆಯಬೇಡ ಅನ್ನುತ್ತಿಲ್ಲ. ಹಚ್ಚಿದವನ ಕಣ್ಣಿನಿಂದ ನೋಡಿದ ಬೆಂಕಿ ಒಂದು, ಒಳಗಿದ್ದವನ ಕಣ್ಣಿನಿಂದ ನೋಡಿದ ಬೆಂಕಿ ಇನ್ನೊಂದು. ನಿನ್ನ ಟ್ಯಾಂಕಿನ ಮೇಲಿರುವುದು ಯಾವುದು ಅಂತ ತಿಳಕೊಂಡು ಬರೆಸು.

'ಟ್ರೈಬಲ್' ಅನ್ನುವ ಕಪ್ಪು ಬಳ್ಳಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಬೋರ್ನಿಯೋ, ಪಾಲಿನೇಷ್ಯಾ ದ್ವೀಪಗಳ ಜನರ ಹಚ್ಚೆಯನ್ನು ಎತ್ತಿಕೊಂಡು, ಹಚ್ಚೆಯ ಅರ್ಥ ಅಲ್ಲೇ ಬಿಟ್ಟು ಬಂದದ್ದು ಅದು. ಯಾವ ಟ್ರೈಬು ಅಂತ ಕೇಳಿದರೆ ಬರೆದವನಿಗೂ ಗೊತ್ತಿಲ್ಲ, ಬರೆಸಿದವನಿಗೂ ಗೊತ್ತಿಲ್ಲ. ನಾಗರಹೊಳೆಯಿಂದ ಹೊರದಬ್ಬಿಸಿಕೊಂಡ ಜೇನುಕುರುಬರ ಹಾಡಿಯ ಮುಂದೆ ಟ್ರೈಬಲ್ ಡಿಸೈನಿನ ಗಾಡಿ ನಿಲ್ಲಿಸಿ ಫೋಟೋ ಹಿಡಿಸಿಕೊಳ್ಳುವವರಿಗೂ ಗೊತ್ತಿಲ್ಲ.

ಈಗ ಬರೆಯುವ ಕೈಯ ವಿಚಾರ. ಏರ್‌ಬ್ರಷ್ ಅನ್ನುವುದು ಪೆನ್ನಿನಷ್ಟು ಗಾತ್ರದ ಉಪಕರಣ. 1870ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಅದರ ಮೊದಲ ರೂಪ ಹುಟ್ಟಿತು. ಫೋಟೋಗಳನ್ನು ತಿದ್ದಲು ಬಳಸುತ್ತಿದ್ದರು. ಮುಖದ ಕಲೆ ಅಳಿಸುವುದೇ ಅದರ ಮೊದಲ ಕೆಲಸ ಅನ್ನುವುದನ್ನು ನೆನಪಿಡಿ! ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಕೂದಲೆಳೆಯಷ್ಟು ಸಣ್ಣ ಗೆರೆಯೂ ಬರುತ್ತದೆ, ಹೊಗೆಯಂಥ ನೆರಳೂ ಬರುತ್ತದೆ. ಆದರೆ ಚಿತ್ರ ಬರೆಯುವ ಮೊದಲು ಮತ್ತು ಆಮೇಲೆ ನಡೆಯುವ ಕೆಲಸ ನೋಡಿದ್ದೀರಾ? ಟ್ಯಾಂಕು ಬಿಚ್ಚಿ, ಹಳೇ ಬಣ್ಣ ಕೆರೆದು, ತಗ್ಗಿಗೆ ಪುಟ್ಟಿ ಮೆತ್ತಿ, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿ, ಬೇಸ್ ಬಣ್ಣ ಹೊಡೆದು, ಟೇಪು ಅಂಟಿಸಿ ಕೊಟ್ಟ ಮೇಲೆ ಚಿತ್ರಕಾರ ಕೂರುತ್ತಾನೆ. ಅವನು ಎದ್ದ ಮೇಲೆ ಕ್ಲಿಯರ್ ಕೋಟು, ಮತ್ತೆ ಉಜ್ಜು, ಮತ್ತೆ ಪಾಲಿಶ್. ಈ ಉಜ್ಜುವ ಕೈಗಳು ಯಾರವು? ಗ್ಯಾರೇಜಿನಲ್ಲಿ 'ಲೇ ಚೋಟು' ಅಂತ ಕರೆಸಿಕೊಳ್ಳುವ ಹುಡುಗರವು, ಕೇರಿಗಳಿಂದ ಬಂದ, ಹೈಸ್ಕೂಲು ಮುಗಿಸಲಾಗದ ಹುಡುಗರವು. ಹೊಳಪು ಕೊಡುವ ಗಟ್ಟಿ ಕ್ಲಿಯರ್ ಕೋಟಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ವಿಷ ಇರುತ್ತದೆ. ಅದರ ಮಂಜು ಎದೆಗೆ ಹೋದರೆ ಆಸ್ತಮಾ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಆಮೇಲೆ ಅಷ್ಟಿಷ್ಟು ವಾಸನೆಗೂ ಉಸಿರು ಕಟ್ಟುತ್ತದೆ. ಬೇರೆ ದೇಶದ ಕಾರ್ಖಾನೆಗಳಲ್ಲಿ ಇದಕ್ಕೆ ಹೊರಗಿನ ಗಾಳಿ ಕೊಡುವ ಮುಖವಾಡ, ಗಾಳಿ ಹೀರುವ ಕೋಣೆ ಇಡುತ್ತಾರೆ. ನಮ್ಮ ಗಲ್ಲಿಯ ಅಂಗಡಿಯಲ್ಲಿ ಮೂಗಿಗೆ ಒಂದು ಕರ್ಚೀಫು. ಟ್ಯಾಂಕಿನ ಮೇಲೆ ಬುರುಡೆ ನಗುತ್ತಾ ಇರುತ್ತದೆ, ಅದನ್ನು ಹೊಳೆಯಿಸಿದವನ ಎದೆಯೊಳಗೆ ನಿಜವಾದ ಸಾವು ಕೂತಿರುತ್ತದೆ. ಕಲೆಯ ಬಗ್ಗೆ ಕಣ್ಣರಳಿಸಿ ಮಾತಾಡುವ ಮಹನೀಯರೇ, ಆ ಹುಡುಗನ ಕೆಮ್ಮು ನಿಮ್ಮ ಸೌಂದರ್ಯಶಾಸ್ತ್ರದ ಯಾವ ಅಧ್ಯಾಯಕ್ಕೆ ಸೇರುತ್ತದೆ?

ಬರೆಸುವ ಹಕ್ಕಿನ ಮಾತು ಇರಲಿ, ಹತ್ತುವ ಹಕ್ಕಿನ ಮಾತು ಮೊದಲು ಆಗಲಿ. ಸ್ಪ್ರಿಂಗ್‌ಫೀಲ್ಡಿನಲ್ಲಿ ಮೋಟಾರ್ ಸೈಕಲ್ ಹುಟ್ಟಿದ ಅದೇ 1901ರಲ್ಲಿ ನಮ್ಮ ಭೀಮರಾಯ ಅನ್ನುವ ಹುಡುಗ ಮಸೂರು ಸ್ಟೇಷನ್ನಿನಲ್ಲಿ ಇಳಿದು ಕೋರೆಗಾಂವಿಗೆ ಎತ್ತಿನ ಗಾಡಿ ಕೇಳಿದ. ಜಾತಿ ತಿಳಿದ ಗಾಡಿಯವನು ಎರಡರಷ್ಟು ಬಾಡಿಗೆ ಇಸ್ಕೊಂಡು ಹುಡುಗರ ಕೈಗೇ ಹಗ್ಗ ಕೊಟ್ಟು ತಾನು ಮೈಲಿಗೆಯಾಗದಂತೆ ಪಕ್ಕದಲ್ಲಿ ನಡೆದ. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸ್‌ಗಾಂವಿನ ಟಾಂಗಾದವರು ಅವರನ್ನು ಹತ್ತಿಸಿಕೊಳ್ಳಲಿಲ್ಲ. ಓಡಿಸಲು ಬಾರದ ಕೇರಿಯವನೊಬ್ಬ ಟಾಂಗಾ ಹೊಡೆಯಬೇಕಾಗಿ ಬಂದು, ಸೇತುವೆಯ ಬಳಿ ಬಿದ್ದು ಬಾಬಾಸಾಹೇಬರು ಪೆಟ್ಟು ತಿಂದರು. ಎತ್ತಿನ ಗಾಡಿ ಹೋಯಿತು, ಟಾಂಗಾ ಹೋಯಿತು, ಮೋಟಾರ್ ಸೈಕಲ್ ಬಂತು. ಜಾತಿ ಇಳಿಯಿತೆ? 2020ರ ಜುಲೈಯಲ್ಲಿ ವಿಜಯಪುರ ಜಿಲ್ಲೆಯ ತಾಳಿಕೋಟೆ ಬಳಿಯ ಮಿಣಜಗಿಯಲ್ಲಿ ಒಬ್ಬ ದಲಿತನನ್ನು ಬಟ್ಟೆ ಬಿಚ್ಚಿ ಹೊಡೆದರು ಅಂತ ಕೇಸಾಯಿತು. ತಪ್ಪೇನು? ಮೇಲ್ಜಾತಿಯವನ ಮೋಟಾರ್ ಸೈಕಲ್ ಮುಟ್ಟಿದನಂತೆ! 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಬುಲೆಟ್ ಓಡಿಸುತ್ತಿದ್ದ ಕಾಲೇಜು ಹುಡುಗನ ಕೈಗಳಿಗೆ ಕತ್ತಿ ಬಿತ್ತು. ದಲಿತನಾಗಿ ಬುಲೆಟ್ ಹತ್ತುತ್ತೀಯಾ ಅಂತ ಕಡಿದರು ಅನ್ನುವುದು ಮನೆಯವರ ದೂರು. ಕಬ್ಬಿಣಕ್ಕೂ ಮೈಲಿಗೆ ಅಂಟಿಸಿದ ಜನ ಇವರು. ಮನುವಿಗೆ ಮೋಟಾರ್ ಸೈಕಲ್ ಗೊತ್ತಿರಲಿಲ್ಲ, ಅವನ ಮಕ್ಕಳು ಆ ಕೊರತೆ ತುಂಬಿದ್ದಾರೆ.

ಇಂಥ ರಸ್ತೆಯ ಮೇಲೆ ನಮ್ಮ ಹುಡುಗ ಸಾಲ ಮಾಡಿ, ಕಂತು ಕಟ್ಟಿ, ಗಾಡಿ ತಂದು ಹತ್ತುವುದೇ ಒಂದು ಬಂಡಾಯ. ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಹತ್ತಿದ ಮೇಲೆ ಅವನು ಟ್ಯಾಂಕಿನ ಮೇಲೆ ಏನು ಹೊತ್ತುಕೊಂಡು ತಿರುಗುತ್ತಿದ್ದಾನೆ? 2015ರಲ್ಲಿ ಕಾಸರಗೋಡಿನ ಕರಣ್ ಆಚಾರ್ಯ ಎಂಬ ಚಿತ್ರಕಾರ ಊರಿನ ಹುಡುಗರ ಬಾವುಟಕ್ಕೆ ಅಂತ ಒಂದು ಹನುಮನ ಮುಖ ಬರೆದರು, ಕೇಸರಿ ಮತ್ತು ಕಪ್ಪು, ಗಂಟಿಕ್ಕಿದ ಹುಬ್ಬು. ಅದು ಹಬ್ಬಿದ್ದೇ ಹಬ್ಬಿದ್ದು. 2018ರ ಚುನಾವಣೆಯ ಹೊತ್ತಿಗೆ ಮಂಗಳೂರಿನ ಭಾಷಣದಲ್ಲಿ ಪ್ರಧಾನ ಮಂತ್ರಿಯ ಬಾಯಿಗೂ ಬಂತು. ನಮ್ಮ ಕೇರಿಯ ಎಷ್ಟೋ ಗಾಡಿಗಳ ಮೇಲೂ ಅದೇ ಮುಖ. ಸಿಟ್ಟು ನಮಗೂ ಇದೆಯಪ್ಪ, ಬೇಕಾದಷ್ಟಿದೆ. ಆದರೆ ಹನುಮನ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಅವನು ಸೇವಕ. ಸೇವಕನ ಸಿಟ್ಟು ಒಡೆಯನ ಶತ್ರುವಿನ ಮೇಲೆ ತಿರುಗುತ್ತದೆಯೇ ಹೊರತು ಒಡೆಯನ ಮೇಲೆ ಯಾವತ್ತೂ ತಿರುಗುವುದಿಲ್ಲ. ಒಡೆಯನಿಗೆ ಬೇಕಾದ ಸಿಟ್ಟು ಅದು. ಗಂಟಿಕ್ಕಿದ ಹುಬ್ಬು ನಮಗೆ, ಪಟ್ಟಾಭಿಷೇಕ ಅವರಿಗೆ!

ಇನ್ನು ಜಾತಿಯ ಹೆಸರನ್ನೇ ಬರೆಸುವವರು. ಗೌಡ, ರೆಡ್ಡಿ, ಪಾಟೀಲ ಅಂತ ಬರೆಸಿದವನು ಪೊಲೀಸಿನವನಿಗೆ, ಟೋಲಿನವನಿಗೆ, ಎದುರು ಬರುವವನಿಗೆ 'ನಾನು ಯಾರು ಗೊತ್ತಾ' ಅಂತ ಎಚ್ಚರಿಕೆ ಕೊಡುತ್ತಿದ್ದಾನೆ. ಅದಕ್ಕೆ ಎದುರಾಗಿ ನಾವೂ ನಮ್ಮ ಜಾತಿ ಬರೆಸೋಣ ಅನ್ನುವ ಹುಡುಗರಿದ್ದಾರೆ. ಅವರ ನೋವು ನಮಗೆ ತಿಳಿಯುತ್ತದೆ. ಮುಚ್ಚಿಟ್ಟ ಹೆಸರನ್ನು ಎತ್ತಿ ಹೇಳುವುದರಲ್ಲಿ ಒಂದು ಬಿಡುಗಡೆ ಇದೆ. ಆದರೆ ಜಾತಿ ನಾಶವಾಗಬೇಕೆಂದವನ ಮಕ್ಕಳು ಅವರ ಏಣಿಯ ಮೇಲೇ ನಮ್ಮ ಮೆಟ್ಟಿಲಿಗೂ ಬಣ್ಣ ಹೊಡೆದು ಹೊಳೆಯಿಸಿದರೆ ಏಣಿ ಗಟ್ಟಿಯಾಗುತ್ತದೆಯೇ ಹೊರತು ಮುರಿಯುವುದಿಲ್ಲ.

ಹಾಗಾದರೆ ಬಣ್ಣವೇ ಬೇಡವೆ, ಕರೀ ಟ್ಯಾಂಕಿನಲ್ಲೇ ತಿರುಗಬೇಕೆ ಅಂತ ಕೇಳಬಹುದು. ಅಲ್ಲ. ಅಮೆರಿಕದಲ್ಲೇ ಇನ್ನೊಂದು ದಾರಿ ಇದೆ. ಮೆಕ್ಸಿಕೋ ಮೂಲದ ದುಡಿಯುವ ಜನ, ಬಿಳಿಯರ ಬಾಯಲ್ಲಿ ಕೀಳು ಅನ್ನಿಸಿಕೊಂಡವರು, ಹಳೇ ಕಾರುಗಳನ್ನು ಕೊಂಡು, ನೆಲಕ್ಕೆ ತಾಗುವಂತೆ ಇಳಿಸಿ, ಅದೇ ಏರ್‌ಬ್ರಷ್ ಹಿಡಿದು ತಮ್ಮ ಕಥೆ ತಾವು ಬರೆದುಕೊಂಡರು. ಆಜ್ಟೆಕ್ ಪೂರ್ವಿಕರು, ಕಪ್ಪು ಮೈಬಣ್ಣದ ಗ್ವಾಡಲೂಪೆಯ ಮಾತೆ, ತೀರಿಹೋದ ಅಜ್ಜ, ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ. ಬಿಳಿಯರ ಗಾಡಿ ವೇಗವಾಗಿ ಹೋಗಬೇಕು ಅಂದರೆ ಇವರು ನಿಧಾನವಾಗಿ, ಎಲ್ಲರೂ ನೋಡುವಂತೆ ಹೋಗುತ್ತೇವೆ ಅಂದರು. ಸರ್ಕಾರಕ್ಕೆ ತಡೆಯಲಾಗಲಿಲ್ಲ. ಕ್ಯಾಲಿಫೋರ್ನಿಯಾ 1958ರಲ್ಲಿ ಇಳಿಸಿದ ಗಾಡಿಗಳಿಗೆ ಕಾನೂನು ತಂದಿತು, ಆಮೇಲೆ ಊರೂರುಗಳು ನಿಧಾನ ಸವಾರಿಗೇ ನಿಷೇಧ ಹೇರಿದವು. ಆ ನಿಷೇಧಗಳನ್ನು ರಾಜ್ಯವೇ ತೆಗೆದುಹಾಕುವ ಕಾನೂನು ಆದದ್ದು 2023ರಲ್ಲಿ. ಬುರುಡೆ ಬರೆಸಿದವನ ಮೇಲೆ ಹೀಗೆ ಕಾನೂನು ಬಂದದ್ದುಂಟೆ? ಯಾವ ಚಿತ್ರಕ್ಕೆ ಆಳುವವರು ಹೆದರುತ್ತಾರೆ ಅನ್ನುವುದೇ ಆ ಚಿತ್ರದ ಪರೀಕ್ಷೆ.

ನಮ್ಮ ಕೇರಿಗಳಲ್ಲೂ ಇದು ಶುರುವಾಗಿದೆ. ನೀಲಿ ಟ್ಯಾಂಕಿನ ಮೇಲೆ ಬಾಬಾಸಾಹೇಬರು ಬಂದಿದ್ದಾರೆ. ಅದನ್ನು ಕಂಡು ಕೆಲವರ ಕಣ್ಣು ಕೆಂಪಾಗುತ್ತದೆ ಅಂದರೆ ಚಿತ್ರ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಆದರೆ ಅಲ್ಲೇ ನಿಲ್ಲಬಾರದು. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರೇ ಬಾಬಾಸಾಹೇಬರು. ಅವರ ತಲೆಯನ್ನು ಟ್ಯಾಂಕಿಗೆ ಏರಿಸಿ, ಅವರ ಪುಸ್ತಕವನ್ನು ಮನೆಯ ಅಟ್ಟಕ್ಕೆ ಏರಿಸಿದರೆ, ಗರಿ ಕಿರೀಟದ ನಾಯಕನಿಗೆ ಬಿಳಿಯರು ಮಾಡಿದ್ದನ್ನೇ ನಾವು ನಮ್ಮ ನಾಯಕನಿಗೆ ಮಾಡಿದ ಹಾಗಾಗುತ್ತದೆ: ಚೆಂದ ಕಾಣುವ, ಮಾತಾಡದ ತಲೆ. ಬ್ಯಾಂಕಿನವನಿಗೂ ಗುತ್ತಿಗೆದಾರನಿಗೂ ಎಂಎಲ್‌ಎಗೂ ಇಷ್ಟವಾಗುವ ಅಂಬೇಡ್ಕರ್ ಅವನೇ.

ಆದ್ದರಿಂದ ಗೆಳೆಯರೇ, ಬರೆಸಿ. ಆದರೆ ಅವರ ಆಲ್ಬಮ್ ಮುಚ್ಚಿ ಬರೆಸಿ. ಗುಂಡಿ ತೋಡಿದ ಅಜ್ಜನ ಗುದ್ದಲಿ ಬರೆಸಿ. ಹಬ್ಬದ ದಿನ ಬಡಿಸಿಕೊಂಡು ಮರುದಿನ ಹೊರಗಿಟ್ಟ ತಮಟೆ ಬರೆಸಿ. 1927ರಲ್ಲಿ ಮಹಾಡದ ಕೆರೆಗೆ ಇಳಿದ ಸಾವಿರಾರು ಕಾಲುಗಳನ್ನು ಬರೆಸಿ. ಹ್ಯಾಂಡಲ್ ಹಿಡಿದ ಅಕ್ಕನನ್ನು ಬರೆಸಿ, ಮಲಗಿದವಳನ್ನು ಅಳಿಸಿ. ಬರೆದವನ ಹೆಸರು ಮೂಲೆಯಲ್ಲಿ ಬರೆಸಿ, ಉಜ್ಜಿದ ಹುಡುಗನ ಹೆಸರೂ ಅದರ ಪಕ್ಕದಲ್ಲಿ ಇರಲಿ. ಆ ಹುಡುಗನಿಗೆ ಮುಖವಾಡ ಇಲ್ಲದ ಅಂಗಡಿಯಲ್ಲಿ ಗಾಡಿ ಕೊಡಬೇಡಿ. ಗಾಡಿ ಮುಟ್ಟಿದ್ದಕ್ಕೆ, ಗಾಡಿ ಹತ್ತಿದ್ದಕ್ಕೆ ಎಲ್ಲಿ ಏಟು ಬಿದ್ದರೂ ಅಲ್ಲಿಗೆ ನಿಮ್ಮ ಗಾಡಿಗಳು ಹೊರಡಲಿ, ನೂರಾಗಿ, ಸಾವಿರವಾಗಿ. ಪೊಲೀಸ್ ಸ್ಟೇಷನ್ನಿನ ಮುಂದೆ ಸಾಲಾಗಿ ನಿಲ್ಲಲಿ, ಕೇಸು ದಾಖಲಾಗುವ ತನಕ ಕದಲದಿರಲಿ.

ಆವತ್ತು ಟ್ಯಾಂಕಿನ ಮೇಲೆ ಯಾರ ತಲೆ ಇದೆ ಅಂತ ಯಾರೂ ಕೇಳುವುದಿಲ್ಲ. ಹ್ಯಾಂಡಲ್ ಹಿಡಿದವನ ತಲೆ ಎತ್ತಿದೆಯೋ ಇಲ್ಲವೋ ಅಂತ ನೋಡುತ್ತಾರೆ. ನಾವೂ ಅದನ್ನೇ ನೋಡುತ್ತೇವೆ.